ಬೋರಲಿಂಗ ಹಿತ್ತಲು ಹಸನು ಮಾಡಿದ್ದು

ಊರು ಯಾವುದು ಅಂತ ಕೇಳಬೇಡಿ. ಹೇಳಿದರೆ ನಾಳೆ ಬೆಳಗ್ಗೆ ಅರ್ಧ ಊರು ನನ್ನ ಜಗಲಿ ಮುಂದೆ ಬಂದು ನಿಂತಿರುತ್ತದೆ. ಅಲ್ಲಿ ಚೆನ್ನಾಜಮ್ಮ ಅಂತ ಒಬ್ಬಳು. ಗಂಡ ಹೋಗಿ ಬಹಳ ವರ್ಷ. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ಆಳು ಹೇಗೆ ಅಂದರೆ ಒಳಗೆ ಬರುವಾಗ ಬಾಗಿಲು ತಲೆಗೆ ತಗಲಬೇಕು, ಹಾಗೆ. ಬುದ್ಧಿ ಮಾತ್ರ ಯಾರು ಕೊಟ್ಟರೆ ಅವರದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲು ಆಚೆ ಇಲ್ಲ, ಒಂದು ಕೂದಲು ಈಚೆ ಇಲ್ಲ. ಅದೇ ಅವನ ರೋಗ.

ಇನ್ನೊಂದು ಗುಣ, ಕಂಡದ್ದಕ್ಕೆಲ್ಲ ಯಾಕೆ ಅಂತ ಕೇಳುವುದು.

"ಅವ್ವ, ಬೇರು ಯಾವಾಗ್ಲೂ ಕತ್ತಲಲ್ಲೇ ಇರ್ತದಲ್ಲ, ಅದಕ್ಕೆ ಭಯ ಆಗಲ್ವಾ?"

"ಅದನ್ನ ಬೇರನ್ನೇ ಕೇಳು ಹೋಗು."

ಅವನು ಹೋಗಿ ಕೇಳುತ್ತಿದ್ದ. ಮಂಡಿ ಊರಿ, ಕಿವಿ ನೆಲಕ್ಕಿಟ್ಟು. ನಾನೇ ಕಣ್ಣಾರೆ ಕಂಡಿದ್ದೀನಿ.

ಚೆನ್ನಾಜಮ್ಮನ ಬದುಕು ಅಂದರೆ ಹಿತ್ತಲು. ಅವಳ ಅತ್ತೆ ನೆಟ್ಟ ಹೂವಿನ ಗಿಡಗಳು. ಒಂದು ದಾಸವಾಳ, ಒಂದು ನಂದಿಬಟ್ಟಲು, ಬೇಲಿ ಉದ್ದಕ್ಕೂ ಕಾಬಾಳೆ, ಅದೇ, ಬಾಳೆ ಎಲೆಯಂಥ ಎಲೆ ಬಿಟ್ಟು ನೆತ್ತಿ ಮೇಲೆ ಕೆಂಪು ಹೂ ಹೊತ್ತುಕೊಂಡು ನಿಲ್ಲುತ್ತದಲ್ಲ, ಅದು. ಎಲ್ಲಕ್ಕೂ ವಯಸ್ಸಾಗಿತ್ತು. ಹೂವೆಲ್ಲ ಹಂಚಿನ ಮಟ್ಟದಲ್ಲಿ, ಬುಡವೆಲ್ಲ ಬರೀ ಕಡ್ಡಿ. ಚೆನ್ನಾಜಮ್ಮನಿಗೂ ವಯಸ್ಸಾಗಿತ್ತು. ಸೊಂಟ ಹಿಡಿದುಕೊಂಡಿತ್ತು. ಕೈ ಎತ್ತಿದರೆ ಹೂ ಸಿಗದು, ಬಗ್ಗಿದರೆ ಮತ್ತೆ ಏಳಲಾಗದು. ಹೀಗಿರುವಾಗ ಮಗನಿಗೆ ಒಂದು ಸಂಬಂಧ ಬಂತು.

ಹೆಣ್ಣು ದೇವೀರಿ. ಅವಳ ಅಪ್ಪ ಕಾಳಮರಿಗೌಡ, ಹೂ ಬೆಳೆಯುವ ಕೊಪ್ಪಲಿನವನು. ಆ ಕೊಪ್ಪಲಿನವರ ಪದ್ಧತಿಯೇ ಬೇರೆ. ಗಂಡಿನ ಮನೆ ನೋಡಲು ಬಂದರೆ ಮುಂಬಾಗಿಲಿಂದ ಬರುವುದಿಲ್ಲ. ಸುತ್ತಿ ಬಳಸಿ ಮೊದಲು ಹಿತ್ತಲಿಗೆ ಬರುತ್ತಾರೆ. ಅಲ್ಲಿ ಹಳೇ ಗಿಡ ನೋಡುತ್ತಾರೆ. ಹೊಸ ಗಿಡವನ್ನು ಯಾವ ಮಂಕ ಬೇಕಾದರೂ ಬೆಳೆಯುತ್ತಾನೆ, ಹಳೇ ಗಿಡವನ್ನು ಹಿಡಿದಿಡುವವನು ಗಂಡಸು ಅಂತ ಅವರ ಲೆಕ್ಕ. ಗಿಡ ಒಪ್ಪಿದರೆ ಒಳಗೆ ಬಂದು ನೀರು ಕುಡಿಯುತ್ತಾರೆ. ಒಪ್ಪದಿದ್ದರೆ ಬೇಲಿಯಿಂದಲೇ ವಾಪಸ್ಸು.

"ಬರೋ ಹುಣ್ಣಿಮೆ ಕಳೆದ ಸೋಮವಾರ ಬರ್ತೀವಿ ತಾಯಿ" ಅಂತ ಗೌಡ ಹೇಳಿ ಕಳಿಸಿದ.

ಇನ್ನು ಒಂದು ತಿಂಗಳು. ಈ ಹೆಣ್ಣೂ ತಪ್ಪಿದರೆ ಬೋರಲಿಂಗನಿಗೆ ಇನ್ನು ಹೆಣ್ಣಿಲ್ಲ, ಚೆನ್ನಾಜಮ್ಮನಿಗೆ ಸೊಸೆಯಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ಹಿಂದೆ ನಾಕು ಕಡೆಯವರು ಅವನನ್ನು ಮಾತಾಡಿಸಿ ನೋಡಿಯೇ ಎದ್ದು ಹೋಗಿದ್ದರು.

ಚೆನ್ನಾಜಮ್ಮ ಮಗನನ್ನು ಕರೆದಳು.

"ಲೋ ಬೋರ, ಆ ದಾಸವಾಳ ಕೈಗೆ ಸಿಗದ ಹಂಗೆ ಮೇಲಕ್ಕೆ ಹೋಗ್ಯದೆ. ಇವತ್ತು ಅದನ್ನ ನನ್ನ ಎದೆ ಮಟ್ಟಕ್ಕೆ ಕತ್ತರಿಸಿ ಬುಡು. ಚಿಗುರು ಬರ್ತದೆ."

"ನಿನ್ನ ಎದೆ ಮಟ್ಟಕ್ಕೆ?"

"ಹೂಂ ಕಣಪ್ಪ, ನನ್ನ ಎದೆ ಮಟ್ಟಕ್ಕೆ."

ಹೇಳಿದಳು, ಉಂಡಳು, ನಡುಮನೆಯಲ್ಲಿ ಚಾಪೆ ಹಾಸಿ ಅಡ್ಡಾದಳು. ಬೋರಲಿಂಗ ಒಂದು ಕಡ್ಡಿ ತಂದ. ಮಲಗಿದ್ದ ಅವ್ವನ ಪಕ್ಕ ನೆಲಕ್ಕೆ ಊರಿದ. ಎದೆ ಎಲ್ಲಿಗೆ ಬರುತ್ತದೆ ಅಂತ ಬಗ್ಗಿ ನೋಡಿ ಉಗುರಲ್ಲಿ ಗುರುತು ಮಾಡಿದ. ಒಂದು ಗೇಣು, ಮೇಲೆ ನಾಕು ಬೆರಳು. ಮಚ್ಚು ತಕ್ಕೊಂಡು ಹೋದ.

ಸಂಜೆ ಚೆನ್ನಾಜಮ್ಮ ಹಿತ್ತಲಿಗೆ ಬಂದಳು. ದಾಸವಾಳ ಇದ್ದ ಜಾಗದಲ್ಲಿ ಆಕಾಶ ಇತ್ತು.

"ಎಲ್ಲಿ ಹೋಯ್ತಲಾ ಗಿಡ?"

"ಇಲ್ಲೇ ಅದಲ್ಲವ್ವ" ಅಂತ ಕಾಲ ಹತ್ತಿರ ತೋರಿಸಿದ. "ಅಳೆದೇ ಕತ್ತರಿಸಿದ್ದು."

"ಎದೆ ಮಟ್ಟ ಅಂದ್ರೆ ನಿಂತಾಗಿನ ಎದೆ ಮಟ್ಟ ಕಣ್ಲಾ ಮಂಕೇ."

"ನೀನು ನಿಂತಿರ್ಲಿಲ್ಲ."

ಚೆನ್ನಾಜಮ್ಮ ಹಣೆ ಚಚ್ಚಿಕೊಂಡಳು. "ಇನ್ನು ಮೇಲೆ ಎತ್ತರದ್ದು ಕಂಡ್ರೆ ಕತ್ತರಿಸಬೇಡ. ಎತ್ತರ ಬೆಳೆದು ಓಲಾಡ್ತಿದ್ರೆ ಪಕ್ಕಕ್ಕೊಂದು ಗೂಟ ನೆಟ್ಟು, ಬಾಳೆ ನಾರಲ್ಲಿ ಮೂರು ಕಡೆ ಕಟ್ಟಬೇಕು. ತಿಳೀತಾ? ಬಿಗಿಯಾಗಿ ಅಲ್ಲ, ಹದವಾಗಿ."

"ಮೂರು ಕಡೆ. ಹದವಾಗಿ."

ಮಾರನೇ ದಿನ ಬಾಳೆ ನಾರು ತರಲು ಕೆರೆ ಹಿಂದಿನ ತೋಟಕ್ಕೆ ಹೋದ. ನಾರು ತಂದ, ನಾಕು ಗೂಟವನ್ನೂ ಕಡಿದು ತಂದ. ವಾಪಸ್ಸು ಬರುವಾಗ ದೀಪ ಹಚ್ಚುವ ಹೊತ್ತು. ಬಳೆ ಮಾರುವ ಸಾಕಮ್ಮನ ಮನೆ ಮುಂದೆ ಉದ್ದನೆ ಜವರ ನಿಂತಿದ್ದ. ಊರಿಗೆಲ್ಲ ಎತ್ತರ ಅವನೇ. ಕುಡಿದಿದ್ದ. ಆ ಕಡೆ ಓಲಿದ, ಈ ಕಡೆ ಓಲಿದ. ಅವನ ಮನೆ ಇರುವುದು ಊರ ಆ ತುದಿ, ಸಾಕಮ್ಮನ ಮನೆ ಈ ತುದಿ. ಅವನು ಅಲ್ಲಿ ಯಾಕಿದ್ದ ಅಂತ ನಾನು ಹೇಳುವುದಿಲ್ಲ. ಸಾಕಮ್ಮನ ಗಂಡ ಆ ವಾರ ಬಳೆ ತರಲು ಪೇಟೆಗೆ ಹೋಗಿದ್ದ, ಅಷ್ಟು ಮಾತ್ರ ಹೇಳುತ್ತೀನಿ.

ಬೋರಲಿಂಗ ನಿಂತು ನೋಡಿದ. ಎತ್ತರ ಇದೆ. ಓಲಾಡುತ್ತಿದೆ. ಕಲ್ಲು ತಕ್ಕೊಂಡು ಗೂಟ ಹೊಡೆದ.

"ಏನ್ಲಾ ಮಾಡ್ತಿದ್ದೀಯ?" ಅಂದ ಜವರ.

"ಕಟ್ತಾ ಇದ್ದೀನಿ ಜವರಣ್ಣ. ನೀನು ಬೀಳಬಾರದಲ್ಲ."

"ಒಳ್ಳೇ ಮಗ ನೀನು. ಕಟ್ಟು."

ಮೊಣಕಾಲಿಗೊಂದು, ಸೊಂಟಕ್ಕೊಂದು, ಎದೆಗೊಂದು. ಹದವಾಗಿ. ಜವರ ನೆಟ್ಟಗೆ ನಿಂತ. ಹಂಗೇ ನಿದ್ದೆ ಹೋದ. ಬೋರಲಿಂಗ ಮನೆಗೆ ಬಂದು ರೊಟ್ಟಿಗೆ ಕೂತ.

ರೊಟ್ಟಿ ಮುಗಿಯುವುದರೊಳಗೆ ಇಡೀ ಊರು ಸಾಕಮ್ಮನ ಬಾಗಿಲಲ್ಲಿತ್ತು. ನಾನೂ ಹೋಗಿದ್ದೆ, ಸುಮ್ಮನೆ ಏನು ಅಂತ ನೋಡಲು. ಜವರನ ಹೆಂಡತಿ ಗಂಡನ ಸುತ್ತ ಒಂದು ಸುತ್ತು ಬಂದು ನೋಡಿದಳು, ಗೂಟ ನೋಡಿದಳು, ಸಾಕಮ್ಮನ ಕದ ನೋಡಿದಳು. ಆಮೇಲೆ ಸೀದಾ ಚೆನ್ನಾಜಮ್ಮನ ಮನೆಗೆ ಬಂದಳು.

"ಅಕ್ಕಾ, ನಿಮ್ಮ ಮಗ ನನ್ನ ಗಂಡನ್ನ ಕಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ. ಕಟ್ಟಿದ ಜಾಗಕ್ಕೆ ಬೇಜಾರು."

ಅವಳು ಹೋದ ಮೇಲೆ ಚೆನ್ನಾಜಮ್ಮ ಮಗನ ಕಡೆ ತಿರುಗಿದಳು. "ಮನುಷ್ಯನಿಗೆ ಗೂಟ ಹೊಡೀತಾರೇನ್ಲಾ?"

"ಓಲಾಡ್ತಿದ್ದ ಅವ್ವ. ಮನುಷ್ಯ ಯಾಕೆ ಓಲಾಡ್ತಾನೆ?"

"ಯಾಕಾದ್ರೂ ಓಲಾಡ್ಲಿ. ಹಂಗೆ ಓಲಾಡೋದು ಕಂಡ್ರೆ ಕಟ್ಟಬಾರದು. ಕೈ ಹಿಡ್ಕೊಂಡು ಒಳಕ್ಕೆ ಕರ್ಕೊಂಡು ಬಂದು, ಚಾಪೆ ಮೇಲೆ ಮಲಗಿಸಿ, ಕಂಬಳಿ ಹೊದಿಸಬೇಕು. ಅದು ಮರ್ಯಾದೆ."

"ಚಾಪೆ. ಕಂಬಳಿ."

ಮೂರು ವಾರ ಕಳೆಯಿತು. ಒಂದು ದಿನ ಗಾಳಿ ಎದ್ದಿತು. ಚೆನ್ನಾಜಮ್ಮ ಬಿಡಿ ಹೂ ಮಾರಲು ಹೋಗಿದ್ದಳು. ವಾಪಸ್ಸು ಬಂದು ನಡುಮನೆಗೆ ಕಾಲಿಟ್ಟರೆ, ಚಾಪೆ ಮೇಲೆ ಸಾಲಾಗಿ ಯಾರೋ ಮಲಗಿದ್ದಾರೆ. ಉದ್ದುದ್ದಕ್ಕೆ. ಮೇಲೆ ಕಂಬಳಿ. ಬೋರಲಿಂಗ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಾನೆ.

ಚೆನ್ನಾಜಮ್ಮ ಎತ್ತಿದ ಕಾಲು ಹಿಂದಕ್ಕೆ ತಕ್ಕೊಂಡಳು. ಗೌಡನ ಕಡೆಯವರು ಮುಂಚೆಯೇ ಬಂದುಬಿಟ್ಟರು ಅಂದುಕೊಂಡಳು.

"ಯಾವಾಗ ಬಂದ್ರಪ್ಪ?" ಅಂತ ಪಿಸುಗುಟ್ಟಿದಳು.

"ಆಗ್ಲೇ. ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬಂದೆ."

"ಏನಾದ್ರೂ ಅಂದ್ರಾ?"

"ಏನೂ ಅನ್ಲಿಲ್ಲ. ಬಂದು ಮಲಗಿದ್ರು."

ಚೆನ್ನಾಜಮ್ಮ ಬೆರಳ ತುದಿಯಲ್ಲಿ ನಡೆದು ಒಳಗೆ ಹೋದಳು. ಒಳ್ಳೇ ಸೀರೆ ಉಟ್ಟಳು. ತಲೆ ಬಾಚಿದಳು. ಮಜ್ಜಿಗೆ ಕಡೆದು, ಕರಿಬೇವು ಕಿವುಚಿ, ಒಂಬತ್ತು ಲೋಟ ತುಂಬಿ, ತಟ್ಟೆಯಲ್ಲಿಟ್ಟುಕೊಂಡು ಬಂದು ಕೂತಳು. ಕಾದಳು. ಯಾರೂ ಮಗ್ಗುಲು ಬದಲಿಸಲಿಲ್ಲ, ಯಾರೂ ಗೊರಕೆ ಹೊಡೆಯಲಿಲ್ಲ. ಕೊನೆಗೆ ಮೆಲ್ಲಗೆ ಕಂಬಳಿಯ ಅಂಚು ಎತ್ತಿದಳು. ಒಳಗೆ ಕೆಂಪು ಹೂ. ಕೆಳಗೆ ಗೆಡ್ಡೆ, ಗೆಡ್ಡೆ ತುಂಬ ಮಣ್ಣು.

"ಓಲಾಡ್ತಿದ್ವು ಅವ್ವ" ಅಂದ ಬೋರಲಿಂಗ. "ಒಂಬತ್ತೂ."

ಆ ಮಜ್ಜಿಗೆ ಒಂಬತ್ತು ಲೋಟವನ್ನೂ ಅವಳೇ ಕುಡಿದಳು ಅಂತ ಕೇಳಿದ್ದೀನಿ. ಹೊಟ್ಟೆ ಉರಿಗೆ.

"ಎತ್ಕೊಂಡು ಹೋಗಿ ವಾಪಸ್ ನೆಡು. ಮತ್ತೆ ಕೇಳು ಇಲ್ಲಿ. ಹಸಿರಾಗಿರೋದನ್ನ ಮುಟ್ಟಲೇಬೇಡ. ಹೂ ಮುಗಿದು, ನೆತ್ತಿ ಒಣಗಿ, ತಲೆ ಬಾಗಿಸಿಕೊಂಡಿರೋದು ಕಂಡ್ರೆ ಅದನ್ನ ಮಾತ್ರ ಕತ್ತರಿಸಿ ತಿಪ್ಪೆಗೆ ಹಾಕು. ಹಳೇ ಗಿಡಕ್ಕೆ ಅದೇ ಚಿಕಿತ್ಸೆ."

ಅವನು ಹೋದ. ಒಂಬತ್ತಕ್ಕೂ ಸೇರಿ ಒಂದೇ ಗುಂಡಿ ತೋಡಿ ಒಂದೇ ಕಡೆ ತುರುಕಿದ. ಎಷ್ಟು ಗುಂಡಿ ಅಂತ ಅವಳು ಹೇಳಿರಲಿಲ್ಲ.

ಆಮೇಲೆ ಕತ್ತರಿ ಹಿಡಿದು ತಲೆ ಬಾಗಿಸಿದ್ದು ಹುಡುಕಿದ. ತಮ್ಮ ಹಿತ್ತಲಲ್ಲಿ ಅಂಥದ್ದು ಎರಡೋ ಮೂರೋ ಸಿಕ್ಕವು. ಬೇಲಿ ಆಚೆ ನೋಡಿದ. ಆಚೆ ದೊಡ್ಡತಾಯಿಯ ಹಿತ್ತಲು. ಅಲ್ಲಿ ಚೆಂಡುಹೂವಿನ ಎರಡು ಸಾಲು. ಬೀಜಕ್ಕೆ ಅಂತಲೇ ಗಿಡದಲ್ಲಿ ಒಣಗಲು ಬಿಟ್ಟದ್ದು. ಪಾಪ, ಎಲ್ಲಾ ನೆತ್ತಿ ಒಣಗಿಸಿಕೊಂಡು ತಲೆ ಬಾಗಿಸಿ ನಿಂತಿದ್ದವು. ಬೇಲಿ ದಾಟಿದ. ಒಂದೂ ಬಿಡದೆ ಕತ್ತರಿಸಿದ. ತಿಪ್ಪೆಗೆ ಹಾಕಿದ. ಒಳ್ಳೇ ಕೆಲಸ ಆಯಿತು ಅಂತ ಕೈ ತೊಳೆದುಕೊಂಡ.

ದೊಡ್ಡತಾಯಿ ಬಾಯಿ ನಿಮಗೆ ಗೊತ್ತಿಲ್ಲ. ನನ್ನ ಬಾಯಿಗಿಂತ ಒಂದು ಮೊಳ ಉದ್ದ. ಬೇಲಿ ಹತ್ತಿರ ಬಂದು ನಿಂತಳು.

"ಚೆನ್ನಾಜಿ, ನಿನ್ನ ಮಗ ನನ್ನ ಒಂದು ವರ್ಷದ ಬೀಜ ತಿಪ್ಪೆಗೆ ಹಾಕವ್ನೆ."

"ಗೊತ್ತಾಗದೆ ಮಾಡವ್ನೆ ಕಣಕ್ಕ."

"ಗೊತ್ತಾಗಿ ಏನು ಮಾಡವ್ನೆ ಇವತ್ತಿನವರ್ಗೂ? ಇರ್ಲಿ. ಸೋಮವಾರ ಗೌಡ್ರು ಬರ್ತಾರಲ್ಲ, ನಾನೂ ಇಲ್ಲೇ ನಿಂತಿರ್ತೀನಿ. ಒಂದೆರಡು ಮಾತು ಹೇಳ್ತೀನಿ."

ಅವಳಿಗೆ ಆ ಹೊಟ್ಟೆಕಿಚ್ಚು ಯಾಕೆ ಅಂದರೆ, ಅವಳಿಗೂ ಒಬ್ಬ ಮಗ, ಶಿವಮಲ್ಲು. ಇಪ್ಪತ್ತೆಂಟು ದಾಟಿತ್ತು. ಹೆಣ್ಣು ಹುಡುಕಿ ಹುಡುಕಿ ಅವಳ ಚಪ್ಪಲಿ ಸವೆದಿತ್ತು. ಮುಂದೆ ಎರಡು ಹಲ್ಲು ಉಬ್ಬಿದ್ದವು ಅನ್ನುವುದು ಬಿಟ್ಟರೆ ಹುಡುಗ ಕೆಟ್ಟವನಲ್ಲ.

ಚೆನ್ನಾಜಮ್ಮ ಹೆದರಿದಳು. ಸೋಮವಾರ ಬೆಳಗ್ಗೆ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟು, ಮಗನನ್ನು ಹಿತ್ತಲಿಗೆ ಎಳೆದುಕೊಂಡು ಬಂದಳು. ಆ ಕಾಬಾಳೆ ಗುಂಪು ತೋರಿಸಿದಳು.

"ನೋಡ್ಲಾ, ಹೆಂಗೆ ಉಸಿರು ಕಟ್ಕೊಂಡು ನಿಂತವೆ. ಹಿಂಗೆ ಒತ್ತೊತ್ತಾಗಿ ನಿಂತ್ರೆ ಯಾವುದೂ ಬಾಳಲ್ಲ. ಬಿಡಿಸಬೇಕು. ಬಿಡಿಸಿ ಮನೆಗೊಂದು ಅಂತ ಬೀದೀಲಿ ಕೊಟ್ಟು ಬಾ. ಜನ ಒಳ್ಳೇ ಮಾತಾಡ್ತಾರೆ. ಒಂದೊಂದನ್ನೂ ನೆರಳು ನೋಡಿ ಇಡು, ಬುಡಕ್ಕೊಂದು ಚೊಂಬು ನೀರು ಹಾಕು. ದೊಡ್ಡತಾಯಿಗೆ ಎಳೇದು, ಚೆನ್ನಾಗಿರೋದು ಕೊಡು, ಅವಳ ಬಾಯಿ ಮುಚ್ಲಿ. ಹಳೇದು ದಪ್ಪಂದು ನಮಗೆ ಇರ್ಲಿ."

"ಬಿಡಿಸಿದ್ರೆ ಅವಕ್ಕೆ ಬೇಜಾರಾಗಲ್ವಾ ಅವ್ವ?"

"ಎರಡು ದಿನ ಬಾಡ್ತವೆ. ಆಮೇಲೆ ಬೇರು ಬಿಡ್ತವೆ."

"ಎಳೇದು ದೊಡ್ಡತಾಯಿಗೆ. ಹಳೇದು ನಮಗೆ."

"ಮುತ್ತಿನಂಥ ಮಗ" ಅಂತ ಹೇಳಿ ಚೆನ್ನಾಜಮ್ಮ ಒಲೆ ಮುಂದೆ ಹೋದಳು.

ಬೋರಲಿಂಗ ಗುದ್ದಲಿ ಎತ್ತಿದ. ಅಷ್ಟರಲ್ಲಿ ಬೇಲಿ ಬಾಗಿಲು ಕಿರ್ ಅಂತು. ಕಾಳಮರಿಗೌಡ, ಅವನ ಹೆಂಡತಿ, ಇಬ್ಬರು ತಮ್ಮಂದಿರು, ಅವರ ಹೆಂಡತಿಯರು, ಒಬ್ಬ ಸೋದರಮಾವ, ಗೌಡನ ಅವ್ವ, ಮತ್ತೆ ದೇವೀರಿ. ಒಂಬತ್ತು ಜನ.

ಗೌಡ ಹಿತ್ತಲು ಸುತ್ತಿದ. ಮುದುಕಿ ಸೀದಾ ದಾಸವಾಳದ ಬುಡಕ್ಕೆ ಹೋಗಿ ಬಗ್ಗಿದಳು. ಮೋಟಿನ ಸುತ್ತ ಇಪ್ಪತ್ತು ಚಿಗುರು, ಎಣ್ಣೆ ಹಚ್ಚಿದ ಹಾಗೆ.

"ಯಾರಪ್ಪ ಇಷ್ಟು ಕೆಳಕ್ಕೆ ಕತ್ತರಿಸಿದ್ದು?"

"ನಾನೇ ಅಜ್ಜಿ. ಅಳೆದು."

"ಧೈರ್ಯ ಬೇಕು ಕಣೋ ಮರಿ" ಅಂದಳು ಮುದುಕಿ ಮಗನಿಗೆ. "ಮುದಿ ಗಿಡಾನ ಹಿಂಗೆ ಕತ್ತರಿಸೋಕೆ ನಿಮ್ಮಪ್ಪಂಗೂ ಕೈ ಬರ್ತಿರ್ಲಿಲ್ಲ."

"ಹಿತ್ತಲು ಪರವಾಗಿಲ್ಲ" ಅಂದ ಗೌಡ. ಆ ಮಾತು ಒಲೆ ಮುಂದಿದ್ದ ಚೆನ್ನಾಜಮ್ಮನಿಗೆ ಕೇಳಿಸಿತು. ಒಬ್ಬಟ್ಟು ತಟ್ಟುತ್ತಾ ತಟ್ಟುತ್ತಾ ಅತ್ತುಬಿಟ್ಟಳಂತೆ. ಒಬ್ಬಟ್ಟನ್ನು ಕಾವಲಿ ಮೇಲೆ ಹಾಗೇ ಬಿಟ್ಟು ಬರುವ ಹಾಗಿಲ್ಲ, ಸೀಯುತ್ತದೆ. ಇದೊಂದು ಬೇಯಲಿ, ಇನ್ನೊಂದು ಬೇಯಲಿ ಅಂತ ಕೂತಳು. ಕೂತದ್ದೇ ತಪ್ಪು.

ಬಿಸಿಲು ಏರಿತ್ತು. ಒಂಬತ್ತು ಜನವೂ ನಂದಿಬಟ್ಟಲ ಚೂರು ನೆರಳಿಗೆ ಸೇರಿ, ಭುಜಕ್ಕೆ ಭುಜ ತಾಗಿಸಿ ನಿಂತರು. ಬೋರಲಿಂಗ ಕಾಬಾಳೆ ನೋಡಿದ. ಒಂಬತ್ತು. ನೆಂಟರನ್ನು ನೋಡಿದ. ಒಂಬತ್ತು. ಮತ್ತೆ ಕಾಬಾಳೆ ನೋಡಿದ. ನೆಂಟರೇ ಹೆಚ್ಚು ಒತ್ತಾಗಿದ್ದರು. ಸೆಕೆಗೆ ಏದುಸಿರೂ ಬಿಡುತ್ತಿದ್ದರು. ಗುದ್ದಲಿ ಕೆಳಗಿಟ್ಟು ಚೊಂಬು ತಕ್ಕೊಂಡ.

ಮೊದಲು ಗೌಡನ ಕೈ ಹಿಡಿದ. "ಬನ್ನಿ ಗೌಡ್ರೆ, ನಿಮಗೆ ಬೇರೆ ಜಾಗ ಅದೆ."

ಗೌಡನಿಗೆ ಈ ಊರಲ್ಲಿ ಹೀಗೆ ನೆಂಟರನ್ನು ಮನೆಮನೆಗೆ ಹಂಚಿಕೊಂಡು ಉಪಚಾರ ಮಾಡುತ್ತಾರೇನೋ ಅನ್ನಿಸಿತು. ಹೋದ. ಮೂಲೆ ಮನೆ ಜಗಲಿಯ ನೆರಳಲ್ಲಿ ಕೂರಿಸಿ, ಕಾಲಿಗೆ ಒಂದು ಚೊಂಬು ನೀರು ಹಾಕಿದ. ಆ ಮನೆಯವರು ಪಾನಕ ಕೊಟ್ಟರು. "ಎಂಥಾ ಮರ್ಯಾದಸ್ಥ ಊರಪ್ಪ" ಅಂದ ಗೌಡ. ಹೀಗೇ ಒಬ್ಬೊಬ್ಬರಾಗಿ ಏಳು ಜನ, ಏಳು ಮನೆ. ಗೌಡನ ಹೆಂಡತಿಯನ್ನು ನಮ್ಮ ಮನೆಗೇ ತಂದುಬಿಟ್ಟ. ನಾನು ಯಾಕೆ ಏನು ಅಂತ ಕೇಳಲಿಲ್ಲ. ಮನೆಗೆ ಬಂದವರನ್ನು ಕೇಳುತ್ತಾರೆಯೇ? ಕೂತು ಅವರ ಮನೆ ಸುದ್ದಿ ಎಲ್ಲಾ ಕೇಳಿಕೊಂಡೆ.

ಉಳಿದವರು ಇಬ್ಬರು. ಮುದುಕಿ, ದೇವೀರಿ. ಹಳೇದು, ಎಳೇದು.

ದೇವೀರಿ ಜೊತೆಗೆ ನಡೆಯುತ್ತಾ ಕೇಳಿದಳು. ಆ ಹುಡುಗಿಗೂ ಕೇಳುವ ಚಟ.

"ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ?"

"ಒಳ್ಳೇ ಜಾಗಕ್ಕೆ."

"ಅಲ್ಲಿ ನಾನೇನು ಮಾಡ್ಬೇಕು?"

"ಏನೂ ಮಾಡ್ಬೇಡ. ಎರಡು ದಿನ ಬಾಡ್ತೀಯ. ಆಮೇಲೆ ಬೇರು ಬಿಡ್ತೀಯ."

ಹುಡುಗಿ ನಕ್ಕಳು. ಅವನ ಮುಖವನ್ನೇ ನೋಡಿದಳು. ಮುಖ ನೋಡಲು ಚೆನ್ನಾಗಿಯೇ ಇತ್ತಲ್ಲ.

ದೊಡ್ಡತಾಯಿ ಬೇಲಿ ಹತ್ತಿರ ಚಾಡಿ ಹೇಳಲು ಸೆರಗು ಬಿಗಿದುಕೊಂಡು ಹೊರಟಿದ್ದವಳು, ಕದ ತೆಗೆದರೆ ಹೊಸಿಲ ಮುಂದೆ ಹೆಣ್ಣು.

"ಎಳೇದು ನಿಮಗಂತೆ ದೊಡ್ಡತಾಯವ್ವ. ಅವ್ವ ಹೇಳವ್ಳೆ" ಅಂದ ಬೋರಲಿಂಗ. ಹುಡುಗಿಯ ಕಾಲಿಗೆ ಚೊಂಬು ಬಗ್ಗಿಸಿದ. ಒಳಗೆ ನೆರಳಲ್ಲಿ ಕೂರಿಸಿ ಹೊರಟುಹೋದ.

ನಮ್ಮ ಕಡೆ ಹೊಸ ಸೊಸೆ ಮನೆ ತುಂಬುವಾಗ ಹೊಸಿಲಲ್ಲಿ ಕಾಲಿಗೆ ನೀರು ಹಾಕಿಯೇ ಒಳಗೆ ಕರೆಯುವುದು. ದೊಡ್ಡತಾಯಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಗಳಿಗೆಯಲ್ಲಿ ಶಿವಮಲ್ಲು ಬಿಳಿ ಅಂಗಿ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಕೂತಿದ್ದ. ಇನ್ನೊಂದು ಗಳಿಗೆಯಲ್ಲಿ ಅವಳು ಬೀದಿಯ ಜಗಲಿಗಳನ್ನೆಲ್ಲ ಸುತ್ತಿ ನೆಂಟರನ್ನು ಒಟ್ಟುಮಾಡಿ ತನ್ನ ಜಗಲಿಗೆ ತಂದಿದ್ದಳು. ಎಲೆ ಅಡಿಕೆ ತಟ್ಟೆ ಹೊರಗೆ ಬಂದಿತ್ತು.

ಚೆನ್ನಾಜಮ್ಮ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ನಂದಿಬಟ್ಟಲ ಕೆಳಗೆ ಮುದುಕಿ ಒಬ್ಬಳೇ, ಕೆಸರಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ಮಿಕ್ಕವರೆಲ್ಲಿ ಅಜ್ಜಿ?"

"ಹಂಚ್ಬುಟ್ಟ ಕಣಮ್ಮ ನಿನ್ನ ಮಗ. ನಾನು ನಿಮಗಂತೆ."

ಬೇಲಿ ಆಚೆ ಗದ್ದಲ ಕೇಳಿ ಚೆನ್ನಾಜಮ್ಮ ಸೊಂಟ ಮರೆತು ದೊಡ್ಡತಾಯಿಯ ಜಗಲಿಗೆ ಓಡಿದಳು. ಗೌಡ ಒಳ್ಳೆಯವನು. ಅವಳ ಮುಖ ನೋಡಿ ಹೇಳಿದ: "ನೋಡಿ ತಾಯಿ, ಹೆಣ್ಣು ನೀರು ತುಳಿದು ಈ ಹೊಸಿಲು ದಾಟವ್ಳೆ. ತಂದು ಬಿಟ್ಟೋನು ನಿಮ್ಮ ಮಗನೇ. ಆದ್ರೂ ಎಲೆ ಅಡಿಕೆ ಇನ್ನೂ ತಟ್ಟೇಲದೆ. ಅವನೇ ಬಂದು ವಾಪಸ್ ಕರ್ಕೊಂಡು ಹೋದ್ರೆ ಹೋಗ್ಲಿ, ನಂದೇನೂ ಅಡ್ಡಿ ಇಲ್ಲ."

ಅದೇ ಉಸಿರಲ್ಲಿ ಚೆನ್ನಾಜಮ್ಮ ಹಿತ್ತಲಿಗೆ ವಾಪಸ್ಸು ಓಡಿದಳು. ಬೋರಲಿಂಗ ಮುದುಕಿಗೆ ಎರಡನೇ ಚೊಂಬು ನೀರು ಹಾಕುತ್ತಿದ್ದ.

"ಅಯ್ಯೋ ಮೂಳ, ತಲೆಕೆಳಗು ಮಾಡ್ಬುಟ್ಟೆ. ಹಳೇದನ್ನ ಅಲ್ಲಿ ಬಿಟ್ಟು, ಅಲ್ಲಿರೋ ಎಳೇದನ್ನ ಇಲ್ಲಿಗೆ ತಕ್ಕೊಂಡು ಬಾ. ಒಂದು ಗಳಿಗೆ ತಡ ಮಾಡಿದ್ರೆ ನಮ್ಮ ಮನೆ ಹಾಳಾಗೋಯ್ತದೆ."

"ಹಳೇದು ಅಲ್ಲಿಗೆ. ಎಳೇದು ಇಲ್ಲಿಗೆ."

"ಹೂಂ ಕಣಪ್ಪ. ಓಡು."

ಹಳೇದು ಎಷ್ಟು ಇದೆ ಅಂತ ಬೋರಲಿಂಗ ಸುತ್ತ ನೋಡಿದ. ಎರಡು ಇತ್ತು. ಮುದುಕಿಯನ್ನು ಬಲಗಡೆ ಹೆಗಲಿಗೆ ಹಾಕಿಕೊಂಡ, ಅವ್ವನನ್ನು ಎಡಗಡೆ ಹೆಗಲಿಗೆ. ಒಬ್ಬಟ್ಟಿನ ತಟ್ಟೆ ಅವ್ವನ ಕೈಯಲ್ಲೇ ಇತ್ತು. ಬೀದಿಯಲ್ಲಿ ಒಬ್ಬಟ್ಟು ಉದುರುತ್ತಾ ಹೋಯಿತು, ನಾಯಿಗಳು ಹಿಂದೆ ಹಿಂದೆ ಬಂದವು. ಚೆನ್ನಾಜಮ್ಮನ ಹೊಟ್ಟೆ ಅವನ ಹೆಗಲಿಗೆ ಒತ್ತಿ ಬಾಯಿಂದ ಮಾತು ಹೊರಡಲಿಲ್ಲ.

ದೊಡ್ಡತಾಯಿಯ ಜಗಲಿ ಮೇಲೆ ಇಬ್ಬರನ್ನೂ ಇಳಿಸಿದ. ನೆರಳು ನೋಡಿ ಇಳಿಸಿದ. ಜಗಲಿ ಮೇಲಿದ್ದ ಚೊಂಬು ಎತ್ತಿ ಇಬ್ಬರ ಕಾಲಿಗೂ ನೀರು ಹಾಕಿದ.

"ಎಳೇದನ್ನ ತಕ್ಕೊಂಡು ಹೋಗೋಕೆ ಬಂದೆ" ಅಂದ.

ಚೆನ್ನಾಜಮ್ಮ ಇನ್ನೂ ಉಸಿರಿಗೆ ಒದ್ದಾಡುತ್ತಿದ್ದಳು. ದೊಡ್ಡತಾಯಿಯ ಮುಖ ಸುಟ್ಟ ಬದನೆಕಾಯಿ ಆಯಿತು. ದೇವೀರಿ ಎದ್ದು ನಿಂತಳು. ನಾನು ಹತ್ತಿರದಲ್ಲೇ ಇದ್ದೆ, ಸುಳ್ಳು ಹೇಳುವುದಿಲ್ಲ. ಅವಳು ತಾನಾಗಿಯೇ ಎದ್ದಳು. ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆಯೂ ಬಂದಳು.

ಬೋರಲಿಂಗ ಅವಳನ್ನು ನೋಡಿದ. ಪೂರ್ತಿ ತಿಳಿದುಕೊಳ್ಳದೆ ಅವನು ಯಾವ ಕೆಲಸವನ್ನೂ ಮಾಡುವವನಲ್ಲ.

"ನಿನಗೆ ಎಷ್ಟು ವರ್ಷ?"

"ಹತ್ತೊಂಬತ್ತು."

ಅವನು ಯೋಚನೆ ಮಾಡಿದ. ಸುತ್ತ ನೋಡಿದ. ಜಗಲಿ ಕಂಬಕ್ಕೆ ದೊಡ್ಡತಾಯಿಯ ಎಮ್ಮೆ ಕರು ಕಟ್ಟಿತ್ತು.

"ದೊಡ್ಡತಾಯವ್ವ, ಇದಕ್ಕೆ?"

"ಮೂರು ದಿನ ಕಣಪ್ಪ" ಅಂದಳು ದೊಡ್ಡತಾಯಿ, ಜೇನು ಸುರಿಯುವ ದನಿಯಲ್ಲಿ. "ಇನ್ನೂ ಮೂರೇ ದಿನ."

ಬೋರಲಿಂಗ ಹಗ್ಗ ಬಿಚ್ಚಿದ. ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋದ.

ದೇವೀರಿ ನಿಂತವಳು ಒಂದು ಗಳಿಗೆ ಹಾಗೇ ನಿಂತಿದ್ದಳು. ಆಮೇಲೆ ಕೂತುಕೊಂಡಳು. ಗೌಡ ಎಲೆ ಅಡಿಕೆ ತಕ್ಕೊಂಡ. ಶಿವಮಲ್ಲು ಆಗ ಬಾಯಿ ತೆಗೆದು ನಕ್ಕ, ಎರಡು ಹಲ್ಲೂ ಕಂಡವು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಬೋರಲಿಂಗ ನಂದಿಬಟ್ಟಲ ಕೆಳಗೆ ಕರು ಇಳಿಸಿ, ನಾಕು ಕಾಲಿಗೂ ಒಂದೊಂದು ಚೊಂಬು ನೀರು ಹಾಕಿ, ಮಂಡಿ ಊರಿ ಕಿವಿ ನೆಲಕ್ಕಿಟ್ಟು ಕೂತ. ಬೇರು ಬಿಡುವ ಸದ್ದು ಹೇಗಿರುತ್ತದೆ ಅಂತ ಅವನಿಗೆ ತಿಳಿಯಬೇಕಿತ್ತು.

ಕರು ಹಿತ್ತಲಲ್ಲಿ, ಸೊಸೆ ಪಕ್ಕದ ಮನೆಯಲ್ಲಿ, ಚೆನ್ನಾಜಮ್ಮ ಪರರ ಜಗಲಿ ಮೇಲೆ. ಕೇಳಿದವರು ಇನ್ನು ಅವರವರ ಮನೆಗೆ.